ಕಾಯಿಸುವ ಪಾತ್ರೆಯ ಸುಣ್ಣದ ಹಕ್ಕಳೆ: ಸೋವಿಯಾಗಿ, ಸುರಕ್ಷಿತವಾಗಿ ತೆಗೆಯುವ ಕ್ರಮ



ಕಬ್ಬಿನ ತಳಿ, ಗೊಬ್ಬರ, ನೀರಾವರಿಗಳ ಬಗ್ಗೆ ಈ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರೆಯುತ್ತಲೇ ಇರುತ್ತೇವೆ. ಈ ಸಲ ಹೊಲದಿಂದ ಮನೆಯೊಳಗೆ ಬಂದು, ನೀರು ಕಾಯಿಸುವ ಪಾತ್ರೆಗಳಿಗೆ ಹತ್ತುವ ಬಿಳಿ ಹಕ್ಕಳೆಯ ವಿಚಾರವನ್ನು ತಿಳಿಸಬೇಕಾಗಿದೆ. ಇದಕ್ಕೆ ಕಾರಣವುಂಟು. ಹನಿ ನೀರಾವರಿಯ ಕೊಳವೆಗಳನ್ನು ಸ್ವಚ್ಛಗೊಳಿಸಲು ಅನೇಕ ರೈತರು ಹೈಡ್ರೋಕ್ಲೋರಿಕ್ ಆಸಿಡ್ಡಿನ ಕ್ಯಾನ್ ತರುತ್ತಾರೆ. ಕೆಲಸ ಮುಗಿದ ಮೇಲೆ ಉಳಿದ ಆಸಿಡ್ ಮನೆಗೆ ಬರುತ್ತದೆ. “ಕೊಳವೆಯ ಸುಣ್ಣವನ್ನೇ ತೆಗೆಯಿತು, ಚಹಾದ ಕೆಟಲಿನ ಸುಣ್ಣ ತೆಗೆಯಲಾರದೇ?” ಎಂದು ಅದೇ ಆಸಿಡ್ ಅಡುಗೆಮನೆ ಸೇರುತ್ತದೆ. ಸುಣ್ಣವೇನೋ ಹೋಗುತ್ತದೆ. ಆದರೆ ಅದರ ಜೊತೆಗೆ ಪಾತ್ರೆ, ಕಣ್ಣು, ಕೆಲವೊಮ್ಮೆ ಜೀವವೂ ಹೋಗಬಹುದು. ಇದೇ ಕೆಲಸವನ್ನು ಕಿರಾಣಿ ಅಂಗಡಿಯ ಒಂದು ಪೊಟ್ಟಣ ಪುಡಿ ಯಾವ ಅಪಾಯವೂ ಇಲ್ಲದೆ ಮಾಡುತ್ತದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಕ್ಕಳೆ ಎಲ್ಲಿಂದ ಬರುತ್ತದೆ?

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಈ ಭಾಗಗಳ ನೆಲದಡಿಯಲ್ಲಿರುವುದು ಕಪ್ಪು ಕಲ್ಲು. ಆ ಕಲ್ಲು ಸವೆದು ಆದ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ನೇಗಿಲು ಹೊಡೆಯುವಾಗ ಬಿಳಿ ಸುಣ್ಣದ ಹರಳುಗಳು ಮೇಲೆ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಮಳೆಯ ನೀರು ಭೂಮಿಯೊಳಗೆ ಇಳಿಯುವಾಗ ಬೇರುಗಳು ಬಿಟ್ಟ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣವನ್ನು ಕರಗಿಸಿಕೊಂಡು ಬಾವಿಗೂ ಬೋರಿಗೂ ಬರುತ್ತದೆ. ಹೀಗೆ ಕರಗಿದ ಸುಣ್ಣ ಕಣ್ಣಿಗೆ ಕಾಣುವುದಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ. ಆದರೆ ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಇದನ್ನೇ ಗಡಸು ನೀರು ಎನ್ನುತ್ತೇವೆ.

ಈ ನೀರನ್ನು ಕಾಯಿಸಿದಾಗ ಅದರೊಳಗಿನ ವಾಯು ಹಾರಿ ಹೋಗುತ್ತದೆ. ವಾಯು ಹೋದ ಮೇಲೆ ಸುಣ್ಣ ಕರಗಿರಲಾರದು. ಅದು ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ, ಅಂದರೆ ಪಾತ್ರೆಯ ತಳಕ್ಕೆ ಅಥವಾ ಕರೆಂಟಿನ ಸಲಾಕೆಗೆ, ಕಲ್ಲಾಗಿ ಹತ್ತಿಕೊಳ್ಳುತ್ತದೆ. ಆದುದರಿಂದಲೇ ತಣ್ಣೀರಿನ ಕೊಡಕ್ಕಿಂತ ಬಿಸಿನೀರಿನ ಪಾತ್ರೆಗೆ ಹಕ್ಕಳೆ ಬೇಗ ಹಿಡಿಯುತ್ತದೆ.

ಪ್ರಮಾಣ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದಂತೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದಲ್ಲಿ 600ರವರೆಗೆ ನಡೆಯುತ್ತದೆ. ನಿಮ್ಮ ಬೋರಿನ ನೀರು 400 ಇದೆ ಎಂದು ಹಿಡಿಯಿರಿ. 15 ಲೀಟರಿನ ಒಂದು ಬಕೆಟ್ಟಿನಲ್ಲಿ 6 ಗ್ರಾಂ ಸುಣ್ಣ ಇರುತ್ತದೆ. ಎಲ್ಲವೂ ಸಲಾಕೆಗೆ ಹತ್ತುವುದಿಲ್ಲ. ಹತ್ತರಲ್ಲೊಂದು ಪಾಲು ಹತ್ತಿದರೂ ದಿನಕ್ಕೊಂದು ಬಕೆಟ್ಟಿನಂತೆ ತಿಂಗಳಿಗೆ 18 ಗ್ರಾಂ ಕಲ್ಲು ಕೂಡುತ್ತದೆ. ವರ್ಷಕ್ಕೆ ಎಷ್ಟಾಯಿತೆಂದು ನೀವೇ ಎಣಿಸಿರಿ.

ಈ ಸುಣ್ಣ ವಿಷವಲ್ಲ. ಚಹಾದಲ್ಲಿ ಒಂದು ಚೂರು ಬಿದ್ದರೆ ಗಾಬರಿಪಡಬೇಕಾಗಿಲ್ಲ. ಹಾನಿ ಆಗುವುದು ಪಾತ್ರೆಗೆ, ಉರುವಲಿಗೆ, ವಿದ್ಯುತ್ ಉಪಕರಣಕ್ಕೆ.

ಹಾನಿ ಎಂಥದು?

ಸುಣ್ಣದ ಕಲ್ಲಿಗಿಂತ ತಾಮ್ರವು ನೂರು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ದಾಟಿಸುತ್ತದೆ. ತಾಮ್ರದ ಬಂಬದ ಒಳಗೆ ಹಕ್ಕಳೆ ಬೆಳೆದರೆ ಒಲೆಯ ಬಿಸಿ ನೀರಿಗೆ ತಲುಪದೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಕಟ್ಟಿಗೆ ಹೆಚ್ಚು ಬೇಕಾಗುತ್ತದೆ, ನೀರು ತಡವಾಗಿ ಕಾಯುತ್ತದೆ.

ಕರೆಂಟಿನ ಸಲಾಕೆಯ ಲೆಕ್ಕ ಬೇರೆ. ಸಲಾಕೆ ನೀರಿನೊಳಗೇ ಇರುವುದರಿಂದ ಅದರ ಶಾಖ ಕಡೆಗೆ ನೀರಿಗೇ ಹೋಗಬೇಕು. ಆದುದರಿಂದ ಹಕ್ಕಳೆಯಿಂದ ಬಿಲ್ಲು ದುಪ್ಪಟ್ಟಾಗುತ್ತದೆ ಎಂಬ ಮಾತು ಸರಿಯಲ್ಲ. ಆದರೆ ಶಾಖ ಸಲೀಸಾಗಿ ಹೊರಗೆ ಬರದ ಕಾರಣ ಒಳಗಿನ ತಂತಿ ಮಿತಿಮೀರಿ ಕಾಯ್ದು ಸುಟ್ಟುಹೋಗುತ್ತದೆ. ಮೇಲಿನ ಕೊಳವೆ ಬಿರಿದರೆ ನೀರು ಒಳಗೆ ಹೋಗಿ, ಬಕೆಟ್ಟಿನ ನೀರಿಗೇ ಕರೆಂಟು ಬರುತ್ತದೆ. ನಷ್ಟ ಒಂದು ಸಲಾಕೆಯದಾದರೆ ಚಿಂತೆಯಿಲ್ಲ, ಆದರೆ ಬಕೆಟ್ಟಿನಲ್ಲಿ ಕೈಯಿಡುವವರು ನಮ್ಮ ಮನೆಯವರೇ ಅಲ್ಲವೇ?

ಕೆಲವರು ಹಕ್ಕಳೆಯನ್ನು ಕುಡಗೋಲಿನ ಬೆನ್ನಿನಿಂದ ಬಡಿದು ಉದುರಿಸುತ್ತಾರೆ. ಇನ್ನು ಕೆಲವರು ನೀರಿಲ್ಲದ ಬಂಬಕ್ಕೆ ಉರಿ ಹಾಕಿ, ಬಿಸಿಯಿಂದ ಸುಣ್ಣ ಸಿಡಿದು ಬೀಳಲಿ ಎಂದು ನೋಡುತ್ತಾರೆ. ಎರಡೂ ತಪ್ಪು. ಬಡಿದರೆ ಸಲಾಕೆಯ ಕೊಳವೆ ಸೀಳುತ್ತದೆ. ಬರಿ ಬಂಬ ಕಾಯಿಸಿದರೆ ಬೆಸುಗೆ ಬಿಟ್ಟು ಸೋರಲು ಹತ್ತುತ್ತದೆ.

ಕಾರಖಾನೆಯಲ್ಲಿ ಏನು ಮಾಡುತ್ತಾರೆ?

ಗಾಳಪದ ಹಂಗಾಮಿನಲ್ಲಿ ನಡುನಡುವೆ ಸ್ವಚ್ಛತೆಗಾಗಿ ಕಾರಖಾನೆ ನಿಲ್ಲುವುದು ನಿಮಗೆ ಗೊತ್ತಿದೆ. ಕಬ್ಬಿನ ರಸವನ್ನು ಸ್ವಚ್ಛಗೊಳಿಸಲು ಸುಣ್ಣದ ಹಾಲು ಮತ್ತು ಗಂಧಕದ ಹೊಗೆ ಕೊಡುತ್ತಾರೆ. ಆ ರಸವನ್ನು ಕುದಿಸಿ ದಪ್ಪ ಮಾಡುವ ಬಾಷ್ಪೀಕರಣ ಪಾತ್ರೆಗಳ ಕೊಳವೆಗಳಲ್ಲಿ ಹಕ್ಕಳೆ ಹಿಡಿಯುತ್ತದೆ. ಅದನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಿ, ಮೆದುವಾದ ಮೇಲೆ ಬ್ರಶ್ಶಿನಿಂದ ತಿಕ್ಕಿ ತೆಗೆಯುತ್ತಾರೆ.

ಇದನ್ನು ಕೇಳಿ ಯಾರೂ ಕಾಸ್ಟಿಕ್ಕನ್ನು ಮನೆಗೆ ಒಯ್ಯಬಾರದು. ಕಾರಖಾನೆಯ ಹಕ್ಕಳೆಯಲ್ಲಿ ಮರಳಿನ ಅಂಶ, ಗಂಧಕದ ಲವಣ, ರಸದ ಜಿಗಟು ಮುಂತಾದವು ಕೂಡಿರುತ್ತವೆ. ಅದಕ್ಕೆ ಕಾಸ್ಟಿಕ್ ಬೇಕು. ಮನೆಯ ಹಕ್ಕಳೆ ಹೆಚ್ಚಾಗಿ ಬರಿಯ ಸುಣ್ಣದ ಕಾರ್ಬೋನೇಟು. ಅದನ್ನು ಕಾಸ್ಟಿಕ್ ಕರಗಿಸುವುದೇ ಇಲ್ಲ, ಕೈ ಮಾತ್ರ ಸುಡುತ್ತದೆ. ಮನೆಯ ಹಕ್ಕಳೆಗೆ ಬೇಕಾದುದು ಹುಳಿ.

ಯಾವ ಹುಳಿ?

ಹುಣಸೆಹಣ್ಣು, ಲಿಂಬಿಹಣ್ಣು, ವಿನೆಗರ್ ಎಲ್ಲವೂ ಹುಳಿಯೇ. ಆದರೆ ಎಲ್ಲವುಗಳ ಗುಣ ಒಂದೇ ಅಲ್ಲ.

ಹುಣಸೆಹಣ್ಣು ತಾಮ್ರ, ಹಿತ್ತಾಳೆಗಳ ಹೊರಮೈ ಬೆಳಗಲು ಒಳ್ಳೆಯದು. ಆದರೆ ಅದರ ಹುಳಿ ಸುಣ್ಣದೊಂದಿಗೆ ಕೂಡಿದಾಗ ಆಗುವ ಲವಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ದಪ್ಪ ಹಕ್ಕಳೆಗೆ ಅದು ಸಾಲದು.

ವಿನೆಗರ್ ಕೆಲಸ ಮಾಡುತ್ತದೆ. ಆದರೆ ಅದರ ನಾತ ಯಂತ್ರದ ರಬ್ಬರಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ.

ಲಿಂಬಿಹಣ್ಣಿನ ಹುಳಿಯೇ ಪುಡಿಯ ರೂಪದಲ್ಲಿ ಸಿಗುತ್ತದೆ. ಇದೇ ಸೈಟ್ರಿಕ್ ಆಸಿಡ್. ನಮ್ಮ ಭಾಗದ ಕಿರಾಣಿ ಅಂಗಡಿಯಲ್ಲಿ ‘ಲಿಂಬು ಸತ್ವ’ ಎಂದು ಕೇಳಿದರೆ ಕೊಡುತ್ತಾರೆ. ಶರಬತ್ತಿಗೆ ಹಾಕುವ ಪದಾರ್ಥವಾದುದರಿಂದ ಪಾತ್ರೆಯಲ್ಲಿ ತುಸು ಉಳಿದರೂ ಅಪಾಯವಿಲ್ಲ. ನಾತವಿಲ್ಲ, ಹೊಗೆಯಿಲ್ಲ. ಕಾಫಿ ಯಂತ್ರಕ್ಕೆಂದು ದುಬಾರಿ ಬೆಲೆಗೆ ಮಾರುವ ಪೊಟ್ಟಣಗಳಲ್ಲಿಯೂ ಅನೇಕ ವೇಳೆ ಇದೇ ಇರುತ್ತದೆ.

ಕಬ್ಬು ಬೆಳೆಗಾರರಿಗೆ ಇನ್ನೊಂದು ಸಂಗತಿ ಇಷ್ಟವಾಗಬಹುದು. 1784ರಲ್ಲಿ ಷೀಲೆ ಎಂಬ ಸ್ವೀಡನ್ನಿನ ವಿಜ್ಞಾನಿ ಈ ಹುಳಿಯನ್ನು ಲಿಂಬಿಯ ರಸದಿಂದ ಬೇರೆ ಮಾಡಿದನು. ಆದರೆ ಈಗ ಪೇಟೆಗೆ ಬರುವುದು ಹಣ್ಣಿನಿಂದ ತೆಗೆದದ್ದಲ್ಲ. ಸಕ್ಕರೆಯನ್ನು ಒಂದು ಬಗೆಯ ಕಪ್ಪು ಬೂಷ್ಟಿನಿಂದ ಹುದುಗಿಸಿ ಇದನ್ನು ಮಾಡಬಹುದೆಂದು 1917ರಲ್ಲಿ ಅಮೆರಿಕದ ಕರಿ ಎಂಬ ವಿಜ್ಞಾನಿ ತೋರಿಸಿದನು. ಅಂದಿನಿಂದ ಕಾಕಂಬಿ, ಸಕ್ಕರೆ, ಪಿಷ್ಟಗಳಿಂದ ಇದು ತಯಾರಾಗುತ್ತ ಬಂದಿದೆ. ಕಬ್ಬಿನ ಕಾಕಂಬಿಯೂ ಇದರ ಕಚ್ಚಾ ಮಾಲುಗಳಲ್ಲಿ ಒಂದು.

ಎಷ್ಟು ಪುಡಿ ಹಾಕಬೇಕು?

ಲೆಕ್ಕದ ಪ್ರಕಾರ 10 ಗ್ರಾಂ ಸುಣ್ಣಕ್ಕೆ 14 ಗ್ರಾಂ ಪುಡಿ ಸಾಕು. ಆದರೆ ಲೆಕ್ಕಕ್ಕೆ ಸರಿಯಾಗಿ ಹಾಕಿದರೆ ಕರಗಿದ ಸುಣ್ಣ ಬಿಳಿ ಗಸಿಯಾಗಿ ಮತ್ತೆ ಕೂಡುತ್ತದೆ. ಆದುದರಿಂದ ಅದರ ಎರಡು ಪಟ್ಟು ಹಿಡಿಯಬೇಕು. ಸಾಮಾನ್ಯ ಪ್ರಮಾಣವೆಂದರೆ 1 ಲೀಟರ್ ನೀರಿಗೆ 30 ಗ್ರಾಂ, ಅಂದರೆ ಊಟದ ದೊಡ್ಡ ಚಮಚದಿಂದ ಎರಡು ಸಮ ಚಮಚ. ಇದು ಸುಮಾರು 10 ಗ್ರಾಂ ಹಕ್ಕಳೆಯನ್ನು ಚೆನ್ನಾಗಿ ತೆಗೆಯುತ್ತದೆ. ಹಕ್ಕಳೆ ದಪ್ಪವಿದ್ದರೆ ಒಂದೇ ಸಲ ಹೆಚ್ಚು ಪುಡಿ ಸುರಿಯದೆ, ನೀರು ಚೆಲ್ಲಿ ಎರಡನೆಯ ಸಲ ಹೊಸದಾಗಿ ಹಾಕಿರಿ.

ನೀರು ಕೈಗೆ ತಾಳುವಷ್ಟು ಬಿಸಿಯಿದ್ದರೆ ಸಾಕು. ಕುದಿಸಬಾರದು. ಲಿಂಬಿ ಹುಳಿಯೂ ಸುಣ್ಣವೂ ಕೂಡಿ ಆಗುವ ಲವಣ, ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಕುದಿಸಿದರೆ ಅದೇ ಹೊಸ ಹಕ್ಕಳೆಯಾಗಿ ಕೂಡುವ ಸಂಭವವಿದೆ.

ಮೊದಲು ಪರೀಕ್ಷೆ

ಹಕ್ಕಳೆಯ ಒಂದು ಚೂರಿನ ಮೇಲೆ ಲಿಂಬಿಯ ರಸ ಹಿಂಡಿರಿ. ಸಣ್ಣ ಗುಳ್ಳೆಗಳು ಬಂದರೆ ಅದು ಸುಣ್ಣದ ಕಾರ್ಬೋನೇಟು. ಪುಡಿ ಕೆಲಸ ಮಾಡುತ್ತದೆ. ಗುಳ್ಳೆ ಬಾರದಿದ್ದರೆ ಅದು ಜಿಪ್ಸಮ್ ಅಥವಾ ಮರಳಿನ ಜಾತಿಯದು. ಹುಳಿಗೆ ಕರಗುವುದಿಲ್ಲ, ಪುಡಿಗೆ ದುಡ್ಡು ಖರ್ಚು ಮಾಡಬೇಡಿರಿ.

ಮಾಡುವ ಕ್ರಮ

1. ಕರೆಂಟಿನ ಕೆಟಲ್: ಅರ್ಧದಷ್ಟು ನೀರು ಹಾಕಿ ಕಾಯಿಸಿರಿ. ಪ್ಲಗ್ ತೆಗೆದು, ತುಸು ಆರಿದ ಮೇಲೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿರಿ. ಒಮ್ಮೆಲೇ ಹಾಕಿದರೆ ನೊರೆ ಉಕ್ಕಿ ಕೈಮೇಲೆ ಬರುತ್ತದೆ. ಅರ್ಧ ತಾಸಿನಿಂದ ಒಂದು ತಾಸು ಬಿಟ್ಟು ಚೆಲ್ಲಿರಿ. ಮೂರು ಸಲ ತೊಳೆಯಿರಿ. ಒಮ್ಮೆ ಬರಿಯ ನೀರು ಕುದಿಸಿ ಚೆಲ್ಲಿ, ಆಮೇಲೆ ಚಹಾಕ್ಕೆ ಉಪಯೋಗಿಸಿರಿ. ಕೆಟಲಿನ ಬುಡವನ್ನಾಗಲಿ ಪ್ಲಗ್ಗನ್ನಾಗಲಿ ನೀರಿನಲ್ಲಿ ಅದ್ದಬಾರದು.

2. ಕರೆಂಟಿನ ಸಲಾಕೆ: ಪ್ಲಗ್ ತೆಗೆದು ಸಲಾಕೆ ಪೂರ್ತಿ ಆರಲಿ. ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೆಚ್ಚಗಿನ ಹುಳಿನೀರು ಮಾಡಿ, ಸುರುಳಿಯ ಭಾಗ ಮಾತ್ರ ಮುಳುಗುವಂತೆ ಇಡಿರಿ. ತಂತಿ ಕೂಡುವ ತಲೆಯ ಭಾಗಕ್ಕೆ ನೀರು ತಾಕಬಾರದು. ಹುಳಿನೀರಿನಲ್ಲಿಟ್ಟು ಸಲಾಕೆಗೆ ಕರೆಂಟು ಕೊಡಬಾರದು. ಒಂದೆರಡು ತಾಸಿನ ನಂತರ ಮೆದುವಾದ ಹಕ್ಕಳೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ಕೊಳವೆಯಲ್ಲಿ ಬಿರುಕು ಅಥವಾ ಉಬ್ಬು ಕಂಡರೆ ಆ ಸಲಾಕೆಯನ್ನು ಎಸೆದುಬಿಡಿರಿ, ದುರಸ್ತಿಗೆ ಹೋಗಬೇಡಿರಿ.

3. ಕಾಫಿ ಯಂತ್ರ: ನಮ್ಮ ಹಳ್ಳಿಯ ಮನೆಗಳಲ್ಲಿ ಚಹಾದ್ದೇ ರೂಢಿಯಾದರೂ ಪಟ್ಟಣದಲ್ಲಿ ನೌಕರಿಗಿರುವ ಮಕ್ಕಳ ಮನೆಗಳಲ್ಲಿ ಕಾಫಿ ಯಂತ್ರಗಳು ಬಂದಿವೆ. ಇವುಗಳ ಒಳಗಿನ ನಳಿಗೆ ಸಣ್ಣದು. ಹಕ್ಕಳೆ ಹಿಡಿದರೆ ಕಾಫಿ ತಡವಾಗಿ ಇಳಿಯುತ್ತದೆ, ಸದ್ದು ಹೆಚ್ಚುತ್ತದೆ, ಕಾಫಿ ಸಾಕಷ್ಟು ಬಿಸಿ ಇರುವುದಿಲ್ಲ. ಪುಡಿ ಪೂರ್ತಿ ಕರಗಿದ ಹುಳಿನೀರನ್ನು ನೀರಿನ ತೊಟ್ಟಿಗೆ ಹಾಕಿರಿ. ಕರಗದ ಹರಳು ನಳಿಗೆಯಲ್ಲಿ ಸಿಕ್ಕಬಾರದು. ಕಾಫಿ ಪುಡಿ ಹಾಕದೆ ಯಂತ್ರ ನಡೆಸಿ, ಅರ್ಧ ನೀರು ಇಳಿದಾಗ ನಿಲ್ಲಿಸಿರಿ. 20 ರಿಂದ 30 ನಿಮಿಷ ಬಿಟ್ಟು ಉಳಿದುದನ್ನು ಇಳಿಸಿರಿ. ಆಮೇಲೆ ಎರಡು ಮೂರು ತೊಟ್ಟಿ ಬರಿಯ ನೀರು ಹಾಯಿಸಿರಿ. ಕೆಲವು ಯಂತ್ರಗಳ ಒಳಪಾತ್ರೆ ಅಲ್ಯೂಮಿನಿಯಮ್ಮಿನದು. ಅದನ್ನು ಹುಳಿ ತಿನ್ನುತ್ತದೆ. ಆದುದರಿಂದ ಯಂತ್ರದ ಜೊತೆ ಬಂದ ತಿಳಿವಳಿಕೆ ಪತ್ರವನ್ನು ಓದಿಯೇ ಮುಂದುವರಿಯತಕ್ಕದ್ದು. ನಮ್ಮ ಸಾದಾ ಹಿತ್ತಾಳೆ, ಸ್ಟೀಲ್ ಫಿಲ್ಟರಿಗೆ ಇಷ್ಟೆಲ್ಲ ಬೇಡ. ರಂಧ್ರ ಮುಚ್ಚಿದರೆ ಸ್ಟೀಲಿನದನ್ನು ಹುಳಿನೀರಿನಲ್ಲಿ ಕಾಲು ತಾಸು ನೆನೆಯಿಟ್ಟರೆ ಸಾಕು.

4. ತಾಮ್ರದ ಬಂಬ: ಬೆಂಕಿ ಪೂರ್ತಿ ಆರಿರಬೇಕು. 20 ಲೀಟರ್ ಬೆಚ್ಚಗಿನ ನೀರಿಗೆ ಅರ್ಧ ಕಿಲೋ ಪುಡಿ ಕರಗಿಸಿ, ನಾಲ್ಕೈದು ತಾಸು ಬಿಟ್ಟು ಕೆಳಗಿನ ನಳದಿಂದ ಹರಿಯಬಿಡಿರಿ. ಈ ನೀರಿನಲ್ಲಿ ತಾಮ್ರದ ಅಂಶ ಬಂದಿರುತ್ತದೆ. ತುಸು ಹಸಿರು ಅಥವಾ ನೀಲಿ ಕಾಣಬಹುದು. ದನಗಳು ಕುಡಿಯದಂತೆ ನೋಡಿಕೊಳ್ಳಿರಿ. ಬಂಬವನ್ನು ಮೂರು ಸಲ ತುಂಬಿ ಖಾಲಿ ಮಾಡಿದ ಮೇಲೆಯೇ ಉಪಯೋಗಿಸಿರಿ.

5. ಕಲಾಯಿ ಮಾಡಿದ, ಸತುವಿನ ಲೇಪವಿರುವ ಮತ್ತು ಅಲ್ಯೂಮಿನಿಯಮ್ ಪಾತ್ರೆ: ಇವುಗಳಲ್ಲಿ ಹುಳಿನೀರನ್ನು ನಿಲ್ಲಿಸಬಾರದು. ಹುಳಿ ಲೋಹವನ್ನೇ ತಿನ್ನುತ್ತದೆ. ಅಲ್ಯೂಮಿನಿಯಮ್ಮಿಗೆ ಬಹಳವಾದರೆ ಹತ್ತು ನಿಮಿಷ ಇಟ್ಟು ತೊಳೆಯಿರಿ.

6. ಗೋಡೆಯ ಗೀಜರ್: ಇದನ್ನು ಮನೆಯಲ್ಲಿ ಬಿಚ್ಚಬಾರದು. ಒತ್ತಡ ಬಿಡುವ ಕವಾಟ, ತುಕ್ಕು ತಡೆಯುವ ಸಲಾಕೆ ಇವೆಲ್ಲ ಬಲ್ಲವರು ನೋಡಬೇಕಾದ ಭಾಗಗಳು. ನಮ್ಮ ನೀರಿಗೆ ವರ್ಷಕ್ಕೊಮ್ಮೆ ಮೆಕ್ಯಾನಿಕ್ಕನಿಂದ ಸ್ವಚ್ಛ ಮಾಡಿಸುವುದು ಲೇಸು.

ಮಾಡಬಾರದ ಕೆಲಸಗಳು

ಹನಿ ನೀರಾವರಿಯ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಅಡುಗೆಮನೆಗೆ ತರಬೇಡಿರಿ. ಅದು ಸ್ಟೀಲನ್ನು ಸಣ್ಣ ತೂತು ಬೀಳುವಂತೆ ತಿನ್ನುತ್ತದೆ. ಅದರ ಹೊಗೆ ಪುಪ್ಪುಸಕ್ಕೆ ಹಾನಿ. ಒಂದು ಹನಿ ಸಿಡಿದರೆ ಕಣ್ಣು ಹೋಗಬಹುದು.

ಪಾಯಖಾನೆ ತೊಳೆಯುವ ದ್ರವವನ್ನೂ ಪಾತ್ರೆಗೆ ಹಾಕಬೇಡಿರಿ. ಅವುಗಳಲ್ಲಿ ಅನೇಕವು ಇದೇ ಆಸಿಡ್ಡಿನವು.

ಯಾವ ಹುಳಿಯನ್ನೇ ಆಗಲಿ, ಬ್ಲೀಚಿಂಗ್ ಪೌಡರಿನ ಜೊತೆಗೆ ಅಥವಾ ಬಟ್ಟೆ ಬಿಳುಪು ಮಾಡುವ ದ್ರವದ ಜೊತೆಗೆ ಕೂಡಿಸಬಾರದು. ಕ್ಲೋರಿನ್ ಎಂಬ ವಿಷವಾಯು ಹುಟ್ಟುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಇದು ಪ್ರಾಣಕ್ಕೆ ಅಪಾಯ. ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರನ್ನೂ ಆಸಿಡ್ಡನ್ನೂ ಒಂದೇ ಮೂಲೆಯಲ್ಲಿ ಇಡಲೇಬಾರದು.

ಹುಳಿಯ ಜೊತೆ ತಿನ್ನುವ ಸೋಡಾ ಹಾಕಿದರೆ ನೊರೆ ಚೆನ್ನಾಗಿ ಬರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಸೋಡಾ ಹುಳಿಯನ್ನು ಕೊಂದುಬಿಡುತ್ತದೆ.

ಆಸಿಡ್ಡನ್ನು ಯಾವ ಕಾರಣಕ್ಕೂ ಶರಬತ್ತಿನ, ಸೋಡಾದ ಅಥವಾ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿರಿ. ಬಿಸಿಲಲ್ಲಿ ಆಡಿ ಬಂದ ಮಗು ಬಾಟಲಿಯ ಆಕಾರ ನೋಡಿ ಕುಡಿಯುತ್ತದೆ, ಅದರ ಮೇಲಿನ ಚೀಟಿ ಓದುವುದಿಲ್ಲ. ಆಸಿಡ್ ಬಂದ ಕ್ಯಾನಿನಲ್ಲಿಯೇ, ಹೊಲದ ಕೋಣೆಯಲ್ಲಿ, ಬೀಗ ಹಾಕಿ ಇಡತಕ್ಕದ್ದು. ಹೊಲದಲ್ಲಿ ಬಳಸುವಾಗಲೂ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹಾಕಬಾರದು.

ಅಪಘಾತವಾದರೆ

ಕಣ್ಣಿಗೆ ಅಥವಾ ಮೈಗೆ ಆಸಿಡ್ ಬಿದ್ದರೆ ತಡಮಾಡದೆ ಹರಿಯುವ ನೀರಿನಲ್ಲಿ ಕಡಿಮೆಯೆಂದರೂ 20 ನಿಮಿಷ ತೊಳೆಯಿರಿ. ಎಣ್ಣೆ, ಅರಿಸಿನ, ಸೋಡಾ ಯಾವುದನ್ನೂ ಹಚ್ಚಬೇಡಿರಿ. ಕುಡಿದಿದ್ದರೆ ವಾಂತಿ ಮಾಡಿಸಲೇಬಾರದು. ಇಳಿಯುವಾಗ ಒಮ್ಮೆ ಸುಟ್ಟ ಗಂಟಲು ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ, ಆ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ದವಾಖಾನೆಗೆ ಒಯ್ಯಿರಿ. ಅಂಬುಲೆನ್ಸಿಗೆ 108ಕ್ಕೆ ಫೋನು ಮಾಡಿರಿ. ಹೊಗೆ ಕುಡಿದವರನ್ನು ಮೊದಲು ಬಯಲಿನ ಗಾಳಿಗೆ ತನ್ನಿರಿ.

ಹಕ್ಕಳೆ ಬಾರದಂತೆ

ಪೂರ್ತಿ ತಡೆಯಲಾಗದು, ಕಡಿಮೆ ಮಾಡಬಹುದು. ಕೆಟಲಿನಲ್ಲಿ ರಾತ್ರಿಯೆಲ್ಲ ನೀರು ಬಿಡದೆ ಚೆಲ್ಲಿ ಒಣಗಿಸಿರಿ. ಬೇಕಾದಷ್ಟೇ ನೀರು, ಬೇಕಾದಷ್ಟೇ ಬಿಸಿ ಮಾಡಿರಿ. ಸ್ನಾನದ ನೀರು ಕುದಿಯಬೇಕಾಗಿಲ್ಲ. ಮಾಳಿಗೆಯ ಮಳೆನೀರನ್ನು ಸ್ವಚ್ಛವಾಗಿ ಹಿಡಿದಿಟ್ಟುಕೊಂಡವರು ಕಾಯಿಸುವ ಕೆಲಸಕ್ಕೆ ಅದನ್ನೇ ಉಪಯೋಗಿಸಿದರೆ ಹಕ್ಕಳೆ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲಕ್ಕಿಂತ ಮುಖ್ಯವಾದುದು, ಪದರ ತೆಳುವಾಗಿರುವಾಗಲೇ ತೆಗೆಯುವುದು. ಕೆಟಲ್ ಮತ್ತು ಸಲಾಕೆಗೆ ತಿಂಗಳಿಗೊಮ್ಮೆ, ಬಂಬಕ್ಕೆ ದಸರೆಗೂ ಯುಗಾದಿಗೂ ಒಮ್ಮೆ ಎಂದು ಗೊತ್ತುಮಾಡಿಕೊಂಡರೆ ಪುಡಿ ಕಡಿಮೆ ಸಾಕು, ಶ್ರಮವೂ ಕಡಿಮೆ.

ಕೊನೆಯದಾಗಿ ಒಂದು ಬಿನ್ನಹ. ಈ ಲೇಖನವನ್ನು ಮನೆಯ ಹೆಣ್ಣುಮಕ್ಕಳಿಗೆ ಓದಿ ಹೇಳಿರಿ. ಪಾತ್ರೆ ತೊಳೆಯುವವರು ಅವರು, ಆಸಿಡ್ ತರುವವರು ನಾವು. ಓದಿದ ದಿನವೇ ಮನೆಯ ಬಚ್ಚಲು, ಹಿತ್ತಿಲು, ಗೂಡುಗಳನ್ನು ಒಮ್ಮೆ ನೋಡಿರಿ. ಚೀಟಿಯಿಲ್ಲದ ಬಾಟಲಿಯಲ್ಲಿ ಆಸಿಡ್ ಇದ್ದರೆ ಸಂಜೆಯಾಗುವುದರೊಳಗೆ ಅದನ್ನು ಹೊಲದ ಕೋಣೆಗೆ ಸಾಗಿಸಿ ಬೀಗ ಹಾಕಿರಿ. ಹನಿ ನೀರಾವರಿಗೆ ಆಸಿಡ್ ಎಷ್ಟು, ಹೇಗೆ ಎಂಬ ಸಂಶಯವಿದ್ದವರು ನಿಮ್ಮ ವಿಭಾಗದ ಕಬ್ಬು ಸಿಬ್ಬಂದಿಯನ್ನು ಕೇಳಿ ತಿಳಿದುಕೊಂಡೇ ಉಪಯೋಗಿಸಬೇಕಾಗಿ ವಿನಂತಿ.

— ಕಬ್ಬು ಅಭಿವೃದ್ಧಿ ಅಧಿಕಾರಿ